ಹಳೇ ಅಂಬಾಸಡರ್‌ಗೆ ಹೊಸ ಸೆಲ್ಫ್ ಮೋಟಾರ್: ಬೋಲ್ಟ್ ಎರಡೇ, ಕೆಲಸವೆಲ್ಲ ವೈರಿಂಗ್‌ನಲ್ಲಿ

ಹಳೇ ಪೆಟ್ರೋಲ್ ಅಂಬಾಸಡರ್ ಇಟ್ಟುಕೊಂಡವರಿಗೆ ಬಳ್ಳಾರಿಯ ಏಪ್ರಿಲ್, ಮೇ ತಿಂಗಳು ಕಷ್ಟದ ಕಾಲ. ಬೆಳಿಗ್ಗೆ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಸಂಡೂರಿಗೆ ಹೋಗಿ ಬಂದು, ರಾಯಲ್ ಸರ್ಕಲ್ ಹತ್ತಿರ ಚಹಾಕ್ಕೆ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಇಲ್ಲವೇ 'ಟಕ್' ಅಂತ ಒಂದು ಸದ್ದು, ಅಷ್ಟೇ. ಆಮೇಲೆ ಯಾರನ್ನಾದರೂ ಕರೆದು ತಳ್ಳಿಸಬೇಕು.

ಇದಕ್ಕೆ ಈಗ ಎಲ್ಲರೂ ಹೇಳುವ ಮದ್ದು ಒಂದೇ: 'ಗೇರ್ ಇರೋ ಹೊಸ ಸೆಲ್ಫ್ ಹಾಕಿಸಿಬಿಡಿ.' ಸಲಹೆ ತಪ್ಪಲ್ಲ. ಆದರೆ ಮೋಟಾರ್ ಮಾತ್ರ ಬದಲಿಸಿ ಹಳೇ ಕೇಬಲ್, ಹಳೇ ಅರ್ತ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಹಾಗೇ ಬಿಟ್ಟರೆ ಕೊಟ್ಟ ದುಡ್ಡಿಗೆ ಅರ್ಧ ಲಾಭವೂ ಸಿಗುವುದಿಲ್ಲ. ವೈರಿಂಗ್ ತಪ್ಪಿದರಂತೂ ಹೊಸ ಮೋಟಾರೇ ಸುಟ್ಟುಹೋಗಬಹುದು. ಎರಡು ಬೋಲ್ಟ್ ಬಿಗಿ ಮಾಡಲು ಪಾನಾ ಹಿಡಿಯಲು ಬಂದರೆ ಸಾಕು. ಮುಂದಿನದಕ್ಕೆ ಕರೆಂಟ್ ಹೇಗೆ ಹರಿಯುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು.

ಮೊದಲು ಹಳೇ ಮೋಟಾರನ್ನು ಅರ್ಥ ಮಾಡಿಕೊಳ್ಳಿ

ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಬಂದಿದ್ದು 1912ರ ಕ್ಯಾಡಿಲಾಕ್‌ನಲ್ಲಿ, ಚಾರ್ಲ್ಸ್ ಕೆಟರಿಂಗ್ ಕೈಯಿಂದ. ಅದಕ್ಕೂ ಮೊದಲು ಎಲ್ಲರೂ ಹ್ಯಾಂಡಲ್ ಹೊಡೆಯಬೇಕಿತ್ತು. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿದ ನಮ್ಮ ಅಂಬಾಸಡರ್‌ಗೂ ಆ ಹ್ಯಾಂಡಲ್ ಇತ್ತು. ಬಹಳ ವರ್ಷ ಅದರಲ್ಲಿ ಓಡಿದ್ದು ಬ್ರಿಟಿಷ್ ಕಂಪನಿ ಬಿಎಂಸಿಯ 1489 ಸಿಸಿ ಪೆಟ್ರೋಲ್ ಎಂಜಿನ್. ಅದರ ಹಳೇ ಮಾದರಿಗಳ ಪಕ್ಕದಲ್ಲಿ ಕೂತಿರುವ ಉದ್ದನೆಯ, ಭಾರದ ಮೋಟಾರ್ ಇನರ್ಷಿಯಾ ಜಾತಿಯದು.

ಅದರ ಕೆಲಸ ಒರಟು. ಶಾಫ್ಟ್ ಮೇಲೆ ಸ್ಕ್ರೂ ಥರದ ಮರೆ (ಥ್ರೆಡ್) ಇರುತ್ತದೆ, ಅದರ ಮೇಲೆ ಪಿನಿಯನ್ ಎಂಬ ಸಣ್ಣ ಗೇರ್. ಮೋಟಾರ್ ಒಮ್ಮೆಲೇ ಜೋರಾಗಿ ತಿರುಗಿದಾಗ ಪಿನಿಯನ್ ತನ್ನ ಭಾರಕ್ಕೆ ಹಿಂದೆ ಉಳಿದು, ಮರೆಯ ಮೇಲೆ ಜಾರಿ, ಎಂಜಿನ್‌ನ ಭಾರದ ಚಕ್ರವಾದ ಫ್ಲೈವೀಲ್‌ನ ಅಂಚಿಗಿರುವ ಹಲ್ಲಿನ ಬಳೆಗೆ, ಅಂದರೆ ರಿಂಗ್ ಗೇರ್‌ಗೆ ಹೋಗಿ ಹೊಡೆಯುತ್ತದೆ. ಎಂಜಿನ್ ಸ್ಟಾರ್ಟ್ ಆಗಿ ವೇಗ ಹೆಚ್ಚಾದ ಕೂಡಲೇ ಅದೇ ಮರೆಯ ಮೇಲೆ ವಾಪಸ್ ಎಸೆಯಲ್ಪಡುತ್ತದೆ. ನಾವು ಬೆಂಡಿಕ್ಸ್ ಅನ್ನುವುದು ಇದನ್ನೇ. ಈ ಮರೆಗೆ ಎಣ್ಣೆ, ಗ್ರೀಸ್ ಹಚ್ಚಬಾರದು. ಹಚ್ಚಿದರೆ ಕ್ಲಚ್ ಪುಡಿ, ಅದಿರಿನ ರಸ್ತೆಯ ಕೆಂಪು ಧೂಳು ಎಲ್ಲ ಸೇರಿ ಅಂಟಾಗುತ್ತದೆ. ಮೋಟಾರ್ ಸುಮ್ನೆ 'ಗುಂಯ್' ಅಂತ ತಿರುಗುತ್ತದೆ, ಎಂಜಿನ್ ಮಾತ್ರ ಅಲ್ಲಾಡುವುದಿಲ್ಲ. ಸೀಮೆಎಣ್ಣೆಯಲ್ಲೋ ಪೆಟ್ರೋಲ್‌ನಲ್ಲೋ ತೊಳೆದು ಒಣಗಿಸಿದರೆ ಎಷ್ಟೋ 'ಸತ್ತ' ಮೋಟಾರ್‌ಗಳು ಎದ್ದು ಕೂರುತ್ತವೆ.

ಇನ್ನೊಂದು ಜಾತಿ ಪ್ರೀ-ಎಂಗೇಜ್ಡ್ ಮೋಟಾರ್, ಅದರ ರೀತಿ ಬೇರೆ. ಅದರ ಬೆನ್ನ ಮೇಲೆಯೇ ಸೊಲೆನಾಯ್ಡ್, ಅಂದರೆ ಕರೆಂಟ್ ಕೊಟ್ಟಾಗ ಅಯಸ್ಕಾಂತದಂತೆ ಎಳೆಯುವ ಕಾಯಿಲ್ ಇರುವ ಸ್ವಿಚ್, ಇರುತ್ತದೆ. ಕೀ ತಿರುಗಿಸಿದಾಗ ಅದು ಮೊದಲು ಒಂದು ಲಿವರ್ ಎಳೆದು ಪಿನಿಯನ್ ಅನ್ನು ರಿಂಗ್ ಗೇರ್ ಹಲ್ಲಿಗೆ ಮೆತ್ತಗೆ ಸೇರಿಸುತ್ತದೆ. ಪೂರ್ತಿ ಸೇರಿದ ಮೇಲೆ ಮಾತ್ರ ಮೋಟಾರ್‌ಗೆ ದೊಡ್ಡ ಕರೆಂಟ್ ಬಿಡುತ್ತದೆ. ಎಂಜಿನ್ ಹೊತ್ತಿಕೊಂಡರೆ ಮೋಟಾರ್ ಎಳೆದಾಡದಂತೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ.

ಇದಕ್ಕೆ ಒಳಗೆ ಗೇರ್ ಸೇರಿಸಿದರೆ ಇವತ್ತಿನ ಅಪ್‌ಗ್ರೇಡ್ ಮೋಟಾರ್. ಕ್ರೈಸ್ಲರ್ ಕಂಪನಿ 1962ರಲ್ಲೇ 3.5ಕ್ಕೆ 1ರ ಗೇರ್ ಇಟ್ಟು ಇಂಥದ್ದನ್ನು ತಂದಿತ್ತು. ಸಣ್ಣ ಮೋಟಾರ್ ಒಳಗೆ ಮೂರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ, ಹೊರಗೆ ಪಿನಿಯನ್‌ಗೆ ವೇಗ ಕಡಿಮೆ, ಬಲ ಜಾಸ್ತಿ. ತುಂಬಿದ ಅದಿರು ಲಾರಿ ಸಂಡೂರಿನ ಏರು ಹತ್ತುವಾಗ ಫಸ್ಟ್ ಗೇರ್‌ಗೆ ಹಾಕುವುದೂ ಇದೇ ಲೆಕ್ಕಕ್ಕೆ. ಮೋಟಾರ್ ಗಿಡ್ಡ, ತೂಕ ಹೆಚ್ಚು ಕಡಿಮೆ ಅರ್ಧ. ಎಳೆಯುವ ಕರೆಂಟ್ ಕೂಡ ಕಡಿಮೆ. ಡೈನಮೋ ಇರುವ ಹಳೇ ಗಾಡಿಗೆ ಇದು ದೊಡ್ಡ ಲಾಭ. ಡೈನಮೋ ಐಡ್ಲಿಂಗ್‌ನಲ್ಲಿ ಚಾರ್ಜ್ ಕೊಡುವುದೇ ಇಲ್ಲ ಅನ್ನಬಹುದು. ಊರೊಳಗೆ ನಿಂತು ನಿಂತು ಓಡಾಡಿದರೆ ಸೆಲ್ಫ್ ತಿಂದಿದ್ದು ಬ್ಯಾಟರಿಗೆ ವಾಪಸ್ ಬರುವುದಿಲ್ಲ.

ದುಡ್ಡು ಕೊಡುವ ಮೊದಲು ಮೀಟರ್ ಹಿಡಿಯಿರಿ

ಹೆಡ್‌ಲೈಟ್‌ನ 60 ವ್ಯಾಟ್ ಬಲ್ಬ್ 5 ಆಂಪ್ ಎಳೆಯುತ್ತದೆ. ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ತಿರುಗಿಸುವ ಹಳೇ ಸೆಲ್ಫ್ ಸುಮಾರು 150ರಿಂದ 200 ಆಂಪ್ ಎಳೆಯುತ್ತದೆ, ಮೊದಲ ಕ್ಷಣದಲ್ಲಿ ಅದಕ್ಕೂ ಜಾಸ್ತಿ. ಹಾಗಾಗಿ ಲೈಟ್ ಚೆನ್ನಾಗಿ ಉರಿಯುತ್ತಿದೆ ಅಂದಮಾತ್ರಕ್ಕೆ ಕೇಬಲ್ ಸರಿಯಿದೆ ಅಂತ ಅಲ್ಲ. 200 ಆಂಪ್ ಹರಿಯುವಾಗ ಒಂದು ತುಕ್ಕು ಹಿಡಿದ ಲಗ್‌ನಲ್ಲಿ (ಕೇಬಲ್ ತುದಿಯ ಲೋಹದ ಬಳೆ) ಅರ್ಧ ವೋಲ್ಟ್ ಕಳೆದುಹೋದರೂ ಅಲ್ಲಿ 100 ವ್ಯಾಟ್ ಬಿಸಿ ಹುಟ್ಟುತ್ತದೆ. ಅಂಥ ಜಾಗ ನಾಲ್ಕಿದ್ದರೆ 2 ವೋಲ್ಟ್ ಹೋಯಿತು. ಬ್ಯಾಟರಿಯಲ್ಲಿ ಹತ್ತೂವರೆ ವೋಲ್ಟ್ ಇದ್ದರೂ ಮೋಟಾರ್‌ಗೆ ತಲುಪುವುದು ಎಂಟೂವರೆ. ಆಮೇಲೆ ಬೈಸಿಕೊಳ್ಳುವುದು ಮೋಟಾರ್.

ಪರೀಕ್ಷೆ ಸುಲಭ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲ್‌ನ ಸಣ್ಣ ವೈರ್ ತೆಗೆದಿಡಿ. ಮಲ್ಟಿಮೀಟರ್‌ನ ಒಂದು ತುದಿ ಬ್ಯಾಟರಿಯ ಪ್ಲಸ್ ಸೀಸದ ಗೂಟಕ್ಕೆ, ಕ್ಲಾಂಪ್‌ಗೆ ಅಲ್ಲ. ಇನ್ನೊಂದು ಮೋಟಾರ್‌ನ ದೊಡ್ಡ ಟರ್ಮಿನಲ್‌ಗೆ. ಒಬ್ಬರು ಸೆಲ್ಫ್ ಹೊಡೆಯಲಿ. ಹೊಡೆಯುತ್ತಿರುವಾಗ 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಪ್ಲಸ್ ದಾರಿಯಲ್ಲಿ ತೊಂದರೆ ಇದೆ. ಈಗ ಮೈನಸ್ ಗೂಟ ಮತ್ತು ಮೋಟಾರ್‌ನ ಮೈ ನಡುವೆ ಅದನ್ನೇ ಮಾಡಿ. ಇಲ್ಲಿ 0.2, 0.3ಕ್ಕಿಂತ ಮೇಲೆ ಹೋಗಬಾರದು. ಬ್ಯಾಟರಿಯ ಎರಡು ಗೂಟಗಳ ನಡುವೆ ಸೆಲ್ಫ್ ಹೊಡೆಯುವಾಗಲೂ 9.6 ವೋಲ್ಟ್‌ಗಿಂತ ಮೇಲಿದ್ದರೆ ಬ್ಯಾಟರಿ ಪಾಸ್.

ನನ್ನ ಅನುಭವದಲ್ಲಿ ಜಾಸ್ತಿ ಸಲ ಸಿಕ್ಕಿಬೀಳುವುದು ಅರ್ತ್. ಅಂಬಾಸಡರ್ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಎಂಜಿನ್‌ನಿಂದ ಬಾಡಿಗೆ ಬರುವ ಒಂದು ಹೆಣೆದ ತಾಮ್ರದ ಪಟ್ಟಿಯೇ ಅದರ ವಾಪಸ್ ದಾರಿ. ಆ ಪಟ್ಟಿ ಹಸಿರು ಬಣ್ಣಕ್ಕೆ ತಿರುಗಿ ಪುಡಿಯಾಗಿದ್ದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಸಿಗುವುದು ಚೋಕ್ ಕೇಬಲ್. ಸೆಲ್ಫ್ ಹೊಡೆದ ಮೇಲೆ ಡ್ಯಾಶ್‌ಬೋರ್ಡ್‌ನ ಚೋಕ್ ಗುಬ್ಬಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿದ್ದರೆ ಬೇರೆ ಪರೀಕ್ಷೆ ಬೇಡ. ಸೆಲ್ಫ್‌ನ ಕರೆಂಟ್ ಅದರ ಮೂಲಕವೇ ಮನೆಗೆ ಹೋಗುತ್ತಿದೆ. ಹೊಸ ಮೋಟಾರ್ ಮಾತು ಆಮೇಲೆ, ಮೊದಲು ಆ ಪಟ್ಟಿ ಬದಲಿಸಿ.

ಕೇಬಲ್ ದಪ್ಪದ ಲೆಕ್ಕವೂ ಕಷ್ಟವಲ್ಲ. 10 ಚದರ ಮಿ.ಮೀ. ತಾಮ್ರದ ಕೇಬಲ್ 2 ಮೀಟರ್ ಇದ್ದರೆ 200 ಆಂಪ್‌ನಲ್ಲಿ ಸುಮಾರು 0.7 ವೋಲ್ಟ್ ಅದೇ ತಿನ್ನುತ್ತದೆ. 35 ಚದರ ಮಿ.ಮೀ. ಆದರೆ 0.2 ಮಾತ್ರ. ಹಾಗಾಗಿ 25ಕ್ಕಿಂತ ಕಡಿಮೆ ಬೇಡ, 35 ಇದ್ದರೆ ನೆಮ್ಮದಿ. ಕೈಗಾರಿಕೆ ಇರುವ ಊರಾದ್ದರಿಂದ ಬಳ್ಳಾರಿಯಲ್ಲಿ ವೆಲ್ಡಿಂಗ್ ಕೇಬಲ್ ಸುಲಭವಾಗಿ ಸಿಗುತ್ತದೆ, ಸಣ್ಣ ಎಳೆಗಳಿರುವುದರಿಂದ ಚೆನ್ನಾಗಿ ಬಾಗುತ್ತದೆ. ಆದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿಯೇ ಕೊಳ್ಳಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಅದರಲ್ಲಿ ವೋಲ್ಟೇಜ್ ಜಾಸ್ತಿ ಕಳೆದುಹೋಗುತ್ತದೆ. ಲಗ್ ಅನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಚಚ್ಚಿ ಟೇಪ್ ಸುತ್ತಿದ ಲಗ್ ಎರಡು ಬೇಸಿಗೆ ಬಾಳುವುದಿಲ್ಲ.

ಹಲ್ಲಿಗೆ ಹಲ್ಲು

ಹೊಸ ಮೋಟಾರ್ 'ಅಂಬಾಸಡರ್‌ಗೆ ಆಗುತ್ತದೆ' ಅಂತ ಅಂಗಡಿಯವರು ಹೇಳಿದರೆ ಯಾವ ಅಂಬಾಸಡರ್ ಅಂತ ಕೇಳಿ. 2014ರವರೆಗೆ ತಯಾರಾದ ಈ ಗಾಡಿಯಲ್ಲಿ ಬಿಎಂಸಿ ಪೆಟ್ರೋಲ್, ಡೀಸೆಲ್, ಆಮೇಲೆ ಇಸುಜು ಎಂಜಿನ್‌ಗಳು ಬಂದಿವೆ. ಒಂದರ ಮೋಟಾರ್ ಇನ್ನೊಂದಕ್ಕೆ ಕೂರುತ್ತದೆ ಅಂತ ನಂಬಿ ಕೊಳ್ಳಬೇಡಿ.

ಹಳೇ ಮೋಟಾರ್ ಬಿಚ್ಚಿದ ಮೇಲೆ ಅದನ್ನು ಹೊಸದರ ಪಕ್ಕ ಮಲಗಿಸಿ. ಪಿನಿಯನ್‌ನ ಹಲ್ಲು ಎಣಿಸಿ, ಹಲ್ಲಿನ ಗಾತ್ರ ನೋಡಿ, ತಿರುಗುವ ದಿಕ್ಕು ನೋಡಿ. ಬೋಲ್ಟ್ ತೂತು ಸರಿ ಬಂದರೂ ಹಲ್ಲಿನ ಗಾತ್ರ ಕೂದಲೆಳೆಯಷ್ಟು ಬೇರೆಯಿದ್ದರೆ ರಿಂಗ್ ಗೇರ್ ಹಾಳು. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಇನ್ನೊಂದು ಸೂಕ್ಷ್ಮ ಇದೆ. ಕೆಲವು ಇನರ್ಷಿಯಾ ಮೋಟಾರ್‌ಗಳಲ್ಲಿ ಪಿನಿಯನ್ ಹೊರ ತುದಿಯಿಂದ ಮೋಟಾರ್ ಕಡೆಗೆ ಬರುತ್ತದೆ. ಪ್ರೀ-ಎಂಗೇಜ್ಡ್‌ನಲ್ಲಿ ಮೋಟಾರ್ ಕಡೆಯಿಂದ ಹೊರಕ್ಕೆ ಹೋಗುತ್ತದೆ. ಹಾಗಾಗಿ ರಿಂಗ್ ಗೇರ್ ಹಲ್ಲಿನ ಮೂಲೆ ಕೆತ್ತಿರುವ ಬದಿ ಉಲ್ಟಾ ಇರಬಹುದು. ನಿಮ್ಮ ರಿಂಗ್ ಗೇರ್‌ಗೆ ಹೊಂದುವಂತೆ ಮಾಡಿದ ಮೋಟಾರ್ ಹೌದೋ ಅಲ್ಲವೋ ಎಂದು ಕೇಳಿಯೇ ತೆಗೆದುಕೊಳ್ಳಿ.

ಮೋಟಾರ್ ಹೊರಗಿರುವಾಗಲೇ ಆ ತೂತಿನಲ್ಲಿ ಟಾರ್ಚ್ ಬಿಟ್ಟು, ಹ್ಯಾಂಡಲ್‌ನಿಂದ ಎಂಜಿನ್ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ನಾಲ್ಕು ಸಿಲಿಂಡರ್ ಎಂಜಿನ್ ನಿಲ್ಲುವುದು ಸಾಮಾನ್ಯವಾಗಿ ಎರಡೇ ಜಾಗದಲ್ಲಿ, ಎದುರು ಬದುರು. ಬೆಂಡಿಕ್ಸ್ ಎಷ್ಟೋ ವರ್ಷ ಹೊಡೆದಿರುವುದೂ ಅಲ್ಲೇ. ಉಳಿದ ಕಡೆ ಹಲ್ಲು ಹೊಸದರಂತೆ ಇದ್ದು ಆ ಎರಡು ಕಡೆ ಮೊಂಡಾಗಿರುತ್ತದೆ. ತೀರಾ ಮೊಂಡಾಗಿದ್ದರೆ ಹೊಸ ಮೋಟಾರ್ ಹಾಕಿದರೂ 'ಕರ್‌ರ್' ಅನ್ನುವುದು ನಿಲ್ಲುವುದಿಲ್ಲ.

ಕೂರಿಸುವಾಗ ಮೋಟಾರ್‌ನ ಮೂತಿ ಎಂಜಿನ್ ಪ್ಲೇಟಿಗೆ ತಾಗುವ ಜಾಗದ ಪೇಂಟ್, ತುಕ್ಕು, ಗ್ರೀಸ್ ಎಲ್ಲ ಕೆರೆದು ಲೋಹ ಕಾಣುವ ಹಾಗೆ ಮಾಡಿ. ಮೋಟಾರ್‌ಗೆ ಅರ್ತ್ ಸಿಗುವುದು ಆ ಮೈಯಿಂದಲೇ. ರೀಸ್ಟೋರ್ ಮಾಡಿಸಿ ಎಂಜಿನ್‌ಗೆ ಫಳಫಳ ಪೇಂಟ್ ಹೊಡೆಸಿದ ಗಾಡಿಗಳು ಇಲ್ಲೇ ಕೈಕೊಡುವುದು. ವಿಶ್ರಾಂತಿಯಲ್ಲಿ ಪಿನಿಯನ್‌ಗೂ ರಿಂಗ್ ಗೇರ್‌ಗೂ ಮಧ್ಯೆ ಸುಮಾರು 3 ಮಿ.ಮೀ. ಅಂತರ ಇರಬೇಕು. ತಯಾರಕರ ಚೀಟಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಸೊಲೆನಾಯ್ಡ್ ಎಂಜಿನ್‌ಗೋ ಸೈಲೆನ್ಸರ್ ಪೈಪ್‌ಗೋ ತಾಗುತ್ತಿದ್ದರೆ ಎಷ್ಟೋ ಮೋಟಾರ್‌ಗಳಲ್ಲಿ ಮೂತಿಯ ಪ್ಲೇಟ್ ತಿರುಗಿಸಿ ಬೇರೆ ಕೋನದಲ್ಲಿ ಕೂರಿಸಬಹುದು. ಗಾಡಿಯ ಕೆಳಗೆ ತೂರುವುದಾದರೆ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಬೇಡಿ.

ಈಗ ವೈರಿಂಗ್

ಪಾನಾ ಮುಟ್ಟುವ ಮೊದಲೇ ಬ್ಯಾಟರಿಯಿಂದ ಬಾಡಿಗೆ ಹೋಗುವ ಕೇಬಲ್ ಬಿಚ್ಚಿರಬೇಕು. ಅದನ್ನು ಬಿಚ್ಚುವಾಗಲೇ ಅದು ಪ್ಲಸ್ಸೋ ಮೈನಸ್ಸೋ ಅಂತ ಕಣ್ಣಾರೆ ನೋಡಿ. ಆ ಕಾಲದ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಪ್ಲಸ್ ಅರ್ತ್ ಇರುತ್ತಿತ್ತು. ಫೀಲ್ಡ್ ಕಾಯಿಲ್ (ಮೋಟಾರ್ ಒಳಗೆ ಅಯಸ್ಕಾಂತದ ಕೆಲಸ ಮಾಡುವ ತಂತಿಯ ಸುರುಳಿ) ಇರುವ ಹಳೇ ಮೋಟಾರ್‌ಗೆ ಇದರಿಂದ ವ್ಯತ್ಯಾಸವಿಲ್ಲ. ಪ್ಲಸ್ ಮೈನಸ್ ಉಲ್ಟಾ ಆದರೆ ಒಳಗೆ ತಿರುಗುವ ಭಾಗವಾದ ಆರ್ಮೇಚರ್, ಫೀಲ್ಡ್ ಎರಡೂ ಉಲ್ಟಾ ಆಗಿ ಅದೇ ದಿಕ್ಕಿಗೆ ತಿರುಗುತ್ತದೆ. ಆದರೆ ಹೊಸ ಮೋಟಾರ್‌ಗಳಲ್ಲಿ ಅನೇಕಕ್ಕೆ ಫೀಲ್ಡ್ ಕಾಯಿಲ್ ಬದಲು ಅಯಸ್ಕಾಂತ ಇರುತ್ತದೆ. ಅದು ಉಲ್ಟಾ ಆಗುವುದಿಲ್ಲವಲ್ಲ, ಹಾಗಾಗಿ ಮೋಟಾರೇ ಉಲ್ಟಾ ತಿರುಗುತ್ತದೆ. ಪ್ಲಸ್ ಅರ್ತ್ ಗಾಡಿಗೆ ಅಂಥದ್ದನ್ನು ನೇರವಾಗಿ ಹಾಕಲು ಬರುವುದಿಲ್ಲ. ಇಡೀ ಗಾಡಿಯನ್ನು ಮೈನಸ್ ಅರ್ತ್‌ಗೆ ಬದಲಿಸಬೇಕು, ಇಲ್ಲವೇ ಫೀಲ್ಡ್ ಕಾಯಿಲ್ ಇರುವ ಮೋಟಾರ್ ಹುಡುಕಬೇಕು.

ಹಳೇ ವೈರಿಂಗ್ ಹೀಗಿರುತ್ತದೆ: ಬ್ಯಾಟರಿಯಿಂದ ದಪ್ಪ ಕೇಬಲ್ ಬಾನೆಟ್ ಒಳಗಿನ ಸೊಲೆನಾಯ್ಡ್‌ಗೆ, ಅಲ್ಲಿಂದ ಇನ್ನೊಂದು ದಪ್ಪ ಕೇಬಲ್ ಮೋಟಾರ್‌ಗೆ. ಕೀ ತಿರುಗಿಸಿದಾಗ ಮಾತ್ರ ಎರಡನೇ ಕೇಬಲ್‌ಗೆ ಕರೆಂಟ್. ಹೊಸ ಮೋಟಾರ್‌ನ ಸೊಲೆನಾಯ್ಡ್ ಮೇಲೆ ನಮಗೆ ಬೇಕಾದ ಟರ್ಮಿನಲ್ ಎರಡು. ದೊಡ್ಡದರ ಗುರುತಿನ ಸಂಖ್ಯೆ 30, ಅದಕ್ಕೆ ಬ್ಯಾಟರಿಯ ಕೇಬಲ್. ಸಣ್ಣದು 50, ಅದಕ್ಕೆ ಕೀ ಕಡೆಯಿಂದ ಬರುವ ವೈರ್. ಮೂರನೆಯ ದೊಡ್ಡ ನಟ್ ಮೋಟಾರ್ ಒಳಕ್ಕೆ ಹೋಗುವುದು, ಅದನ್ನು ಮುಟ್ಟಬೇಡಿ.

ಆತುರದವರು ಇಲ್ಲೊಂದು ಸುಲಭದ ದಾರಿ ಹಿಡಿಯುತ್ತಾರೆ. ಹಳೇ ಕೇಬಲ್ ಹಾಗೇ 30ಕ್ಕೆ ಹಾಕಿ, 30ರಿಂದ 50ಕ್ಕೆ ಒಂದು ತುಂಡು ವೈರ್ ಸೇರಿಸುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ, ಎಲ್ಲರಿಗೂ ಖುಷಿ. ತೊಂದರೆ ಶುರುವಾಗುವುದು ಕೀ ಬಿಟ್ಟಾಗ. ಹಳೇ ಸೊಲೆನಾಯ್ಡ್ ಬ್ಯಾಟರಿಯ ಕರೆಂಟ್ ಕತ್ತರಿಸುತ್ತದೆ, ಆದರೆ ಹೊಸ ಮೋಟಾರ್ ಇನ್ನೂ ತಿರುಗುತ್ತಿರುತ್ತದೆ. ಒಳಗೆ ಅಯಸ್ಕಾಂತ ಇರುವುದರಿಂದ ಆ ಕ್ಷಣ ಅದೇ ಒಂದು ಡೈನಮೋ. ಅದು ಹುಟ್ಟಿಸಿದ ಕರೆಂಟ್ 30ಕ್ಕೆ ಬಂದು, ತುಂಡು ವೈರ್‌ನಲ್ಲಿ 50ಕ್ಕೆ ಹೋಗಿ, ತನ್ನದೇ ಸೊಲೆನಾಯ್ಡನ್ನು ಹಿಡಿದಿಡುತ್ತದೆ. ಪಿನಿಯನ್ ರಿಂಗ್ ಗೇರ್‌ನಿಂದ ಬೇಗ ಹೊರಗೆ ಬರುವುದಿಲ್ಲ. ಅಷ್ಟರಲ್ಲಿ ಎಂಜಿನ್ ಸಾವಿರ ಆರ್‌ಪಿಎಂ ದಾಟಿರುತ್ತದೆ. ಸ್ಟಾರ್ಟ್ ಆದ ಮೇಲೂ 'ಝುಂಯ್' ಅಂತ ಸದ್ದು ಎಳೆಯುತ್ತಿದ್ದರೆ ಇದೇ ಕಾಯಿಲೆ. ಒಳಗಿನ ಕ್ಲಚ್ ಸ್ವಲ್ಪ ದಿನ ತಡೆಯುತ್ತದೆ, ಆಮೇಲೆ ಅದೂ ಹೋಗುತ್ತದೆ.

ಸರಿಯಾದ ದಾರಿಗೆ ಅರ್ಧ ಗಂಟೆ ಜಾಸ್ತಿ ಬೇಕು, ಅಷ್ಟೇ. ಬ್ಯಾಟರಿಯಿಂದ ದಪ್ಪ ಕೇಬಲ್ ನೇರವಾಗಿ 30ಕ್ಕೆ. ಹಳೇ ಸೊಲೆನಾಯ್ಡ್ ಅಲ್ಲೇ ಇರಲಿ, ಆದರೆ ಅದಕ್ಕೆ ಈಗ ರಿಲೇ ಕೆಲಸ, ಅಂದರೆ ಕೀಯ ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್‌ನ ಕೆಲಸ. ಅದರ ಒಂದು ದೊಡ್ಡ ನಟ್‌ಗೆ ಬ್ಯಾಟರಿ, ಇನ್ನೊಂದರಿಂದ ಸಣ್ಣ ವೈರ್ 50ಕ್ಕೆ. ಕೀ ತಿರುಗಿಸಿದರೆ ಹಳೇದು ಒತ್ತುತ್ತದೆ, ಅದು ಹೊಸದನ್ನು ಒತ್ತುತ್ತದೆ. ಕೀ ಬಿಟ್ಟರೆ 50ಕ್ಕೆ ಕರೆಂಟ್ ಬರುವ ದಾರಿಯೇ ಇಲ್ಲ, ಪಿನಿಯನ್ ತಕ್ಷಣ ಬಿಡುತ್ತದೆ. ಇಗ್ನಿಷನ್ ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಬಲಾಸ್ಟ್ ರೆಸಿಸ್ಟರ್ ಇದ್ದು, ಸ್ಟಾರ್ಟ್ ಆಗುವಾಗ ಅದನ್ನು ದಾಟಿಸುವ ವೈರ್ ಹಳೇ ಸೊಲೆನಾಯ್ಡ್‌ನಿಂದ ಬರುತ್ತಿದ್ದರೆ ಅದೂ ಹಾಗೇ ಕೆಲಸ ಮಾಡುತ್ತದೆ. ಎಳೆಯುವ ಗುಬ್ಬಿಯ ಸೆಲ್ಫ್ ಇರುವ ಗಾಡಿಯಲ್ಲೂ ಇದೇ ಉಪಾಯ, ಆ ಸ್ವಿಚ್ಚನ್ನೇ 50ಕ್ಕೆ ಕರೆಂಟ್ ಬಿಡಲು ಬಳಸಿ. ಡ್ಯಾಶ್‌ಬೋರ್ಡ್ ಹಳೇ ಹಾಗೇ ಉಳಿಯುತ್ತದೆ.

ಹಳೇ ಸೊಲೆನಾಯ್ಡ್ ಕೆಟ್ಟಿದ್ದರೆ 40 ಆಂಪ್‌ನ ರಿಲೇ ಹಾಕಿ, ಅದರ 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಮೋಟಾರ್‌ನ 50ಕ್ಕೆ, 86ಕ್ಕೆ ಕೀ, 85 ಅರ್ತ್‌ಗೆ. ಕೀಯಿಂದ ನೇರವಾಗಿ 50ಕ್ಕೆ ಕೊಡಬೇಡಿ. ಸೊಲೆನಾಯ್ಡ್ ಎಳೆಯುವ ಕ್ಷಣದಲ್ಲಿ 30ರಿಂದ 40 ಆಂಪ್ ಬೇಡುತ್ತದೆ, ಹಳೇ ಇಗ್ನಿಷನ್ ಸ್ವಿಚ್‌ನ ಪಾಯಿಂಟ್ ಅದಕ್ಕೆ ಮಾಡಿದ್ದಲ್ಲ. 50ರ ವೈರ್ ಕೂಡ 4 ಚದರ ಮಿ.ಮೀ. ಇರಲಿ. 1 ಚದರ ಮಿ.ಮೀ.ನ ತೆಳು ವೈರ್ 2 ಮೀಟರ್ ಎಳೆದರೆ ಆ ಕ್ಷಣ ಒಂದು ವೋಲ್ಟ್‌ಗಿಂತ ಜಾಸ್ತಿ ಅಲ್ಲೇ ಕಳೆಯುತ್ತದೆ, 4ರಲ್ಲಿ 0.3 ಮಾತ್ರ.

ಈ ಬದಲಾವಣೆಯಿಂದ ಒಂದು ಹೊಸ ಅಪಾಯ ಬಂದಿದೆ, ಗಮನಿಸಿದಿರಾ? ಮೋಟಾರ್‌ವರೆಗಿನ ದಪ್ಪ ಕೇಬಲ್‌ನಲ್ಲಿ ಈಗ ಗಾಡಿ ನಿಂತಿದ್ದರೂ ಕರೆಂಟ್ ಇರುತ್ತದೆ, ಅದಕ್ಕೆ ಫ್ಯೂಸ್ ಇಲ್ಲ. ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ. ಸೈಲೆನ್ಸರ್‌ನಿಂದ ದೂರ ಒಯ್ಯಿರಿ, ತಗಡಿನ ತೂತು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಹಾಕಿ, 30ರ ನಟ್‌ಗೆ ರಬ್ಬರ್ ಟೋಪಿ ತೊಡಿಸಿ. ಬ್ಯಾಟರಿ ಪಕ್ಕ ಒಂದು ಕಟ್-ಆಫ್ ಸ್ವಿಚ್ ಹಾಕಿದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಮಾತ್ರ ತೆಗೆಯುವ ಗಾಡಿಗೆ ಅದು ಬೇಕೇ ಬೇಕು.

ಬಿಸಿ

ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುವುದು ಹೊಸದಲ್ಲ. ಎಂಜಿನ್ ನಿಲ್ಲಿಸಿದ ಮೇಲೆ ಫ್ಯಾನ್ ಗಾಳಿಯೂ ಇಲ್ಲ, ಮ್ಯಾನಿಫೋಲ್ಡ್‌ನ ಬಿಸಿಯೆಲ್ಲ ಬಾನೆಟ್ ಒಳಗೇ ನಿಲ್ಲುತ್ತದೆ. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿದ್ದ ಸೊಲೆನಾಯ್ಡ್ ಕಾಯಿಲ್ 120ಕ್ಕೆ ಹೋದರೆ ಅದರಲ್ಲಿ ಹರಿಯುವ ಕರೆಂಟ್ ಶೇಕಡಾ 28ರಷ್ಟು ಇಳಿಯುತ್ತದೆ. ಎಳೆಯುವ ಬಲವೂ ಇಳಿಯುತ್ತದೆ. ಬೆಳಿಗ್ಗೆ ಸುಮ್ಮನಿದ್ದ ತೆಳು ವೈರ್, ಸಡಿಲ ಲಗ್ ಮಧ್ಯಾಹ್ನ ಕೈಕೊಡುವುದು ಹೀಗೆ. ಸೈಲೆನ್ಸರ್ ಪೈಪ್ ಹತ್ತಿರವಿದ್ದರೆ ಮಧ್ಯೆ ಒಂದು ತಗಡಿನ ಅಡ್ಡ ಕೊಡಿ, ತಗಡು ಎರಡಕ್ಕೂ ತಾಗದೆ ನಡುವೆ ಗಾಳಿ ಆಡುವಂತಿರಲಿ.

ಬಿಚ್ಚಿದ ಹಳೇ ಮೋಟಾರ್ ಗುಜರಿಗೆ ಹಾಕಬೇಡಿ. ಕಾರ್ಬನ್, ಬುಷ್ ಹಾಕಿಸಿ ಒರೆಸಿ ಇಟ್ಟುಕೊಳ್ಳಿ. ಮುಂದೆ ಗಾಡಿಯನ್ನು ಮೂಲದಂತೆಯೇ ಬೇಕು ಅನ್ನುವವರು ಕೇಳಿಕೊಂಡು ಬರುತ್ತಾರೆ.

ಕೆಲಸ ಮುಗಿದ ದಿನ ಸಂಜೆ ತಂಪಿನಲ್ಲಿ ಸ್ಟಾರ್ಟ್ ಮಾಡಿ ಸಮಾಧಾನ ಪಡಬೇಡಿ. ಮಾರನೇ ದಿನ ಮಧ್ಯಾಹ್ನ ತೋರಣಗಲ್ಲಿನ ಕಡೆ ಒಂದು ಸುತ್ತು ಹೋಗಿ ಬಂದು, ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಸೆಲ್ಫ್ ಹೊಡೆಯಿರಿ. ಆಗಲೂ ಎಳೆಯಲು ತಡಮಾಡಿದರೆ ಮೀಟರನ್ನು 50ಕ್ಕೂ ಮೋಟಾರ್ ಮೈಗೂ ಹಿಡಿದು ಮತ್ತೆ ಹೊಡೆಯಿರಿ. ಬ್ಯಾಟರಿಯ ಗೂಟದಲ್ಲಿ ಇರುವುದಕ್ಕಿಂತ ಅಲ್ಲಿ ಒಂದು ವೋಲ್ಟ್‌ಗಿಂತ ಜಾಸ್ತಿ ಕಡಿಮೆ ಬಂದರೆ ರಿಲೇ, ಸಣ್ಣ ವೈರ್, ಅರ್ತ್ ಪಟ್ಟಿ ನೋಡಿ. ವೋಲ್ಟೇಜ್ ಸರಿಯಿದ್ದೂ ಎಳೆಯದಿದ್ದರೆ ಸೊಲೆನಾಯ್ಡ್ ತೀರಾ ಕಾಯುತ್ತಿದೆ, ಆ ತಗಡನ್ನು ಇನ್ನಷ್ಟು ಅಗಲ ಮಾಡಿಸಿ.